ಒಂದು ತಾಯಿಗೆ ಒಂದೇ ಮರಿ

ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು. ಹತ್ತು ವರ್ಷ ಹೇಳಲಿಲ್ಲ. ಹೇಳಿದ್ದರೆ ನನ್ನ ಅಣ್ಣನಿಗೆ ನನ್ನ ಗಂಡನ ಮನೆಯಲ್ಲಿ ಆ ಹೆಸರು ಅಂಟಿಕೊಳ್ಳುತ್ತಿರಲಿಲ್ಲ. ಮೊದಲ ದಿನ ಹೇಳದೆ ಇದ್ದುದಕ್ಕೆ ಏನಾದರೂ ಕಾರಣ ಕೊಡಬಹುದು. ಆಮೇಲಿನ ವರ್ಷಗಳಿಗೆ ನನ್ನ ಹತ್ತಿರ ಕಾರಣವಿಲ್ಲ.

ಅಣ್ಣ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಅವನ ಎಡಗೈ ಕಿರುಬೆರಳು. ಕ್ಯಾಸೆಟ್ಟಿನ ತೂತಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಅದು ಸಣ್ಣಗೆ ಇತ್ತು. ಬೇರೆಯವರು ಪೆನ್ಸಿಲ್ ತೂರಿಸಿ ಸುತ್ತುವ ಟೇಪನ್ನು ಅವನು ಆ ಬೆರಳಿನಲ್ಲೇ ಸುತ್ತುತ್ತಿದ್ದ. ಗಿರಾಕಿಯ ಜೊತೆ ಮಾತಾಡುತ್ತಾ, ಟೀ ಕುಡಿಯುತ್ತಾ, ಕೆಲವು ಸಲ ಕಣ್ಣು ಮುಚ್ಚಿಕೊಂಡು ಸುತ್ತುತ್ತಿದ್ದ. ಸುತ್ತಿ ಸುತ್ತಿ ಬೆರಳ ತುದಿಯ ಚರ್ಮ ಗಟ್ಟಿಯಾಗಿ, ಅದರ ಸುತ್ತ ಕ್ಯಾಸೆಟ್ಟಿನ ಒಳಗಿನ ಆರು ಹಲ್ಲುಗಳ ಗುರುತು ಕೂತಿತ್ತು. ಚಿಕ್ಕವಳಿದ್ದಾಗ ನಾನು ಆ ಬೆರಳು ಹಿಡಿದುಕೊಂಡು ಗುರುತುಗಳನ್ನು ಎಣಿಸುತ್ತಿದ್ದೆ.

ನಮ್ಮಪ್ಪ ಮಗ್ಗದ ಕೆಲಸ ಬಿಟ್ಟು ಚಳ್ಳಕೆರೆಗೆ ಬಂದು ಎಣ್ಣೆ ಮಿಲ್ಲು ಸೇರಿದವರು. ನಾನು ಏಳನೇ ತರಗತಿಯಲ್ಲಿದ್ದಾಗ ತೀರಿಕೊಂಡರು. ನನ್ನ ಓದು ಅಲ್ಲಿಗೆ ನಿಂತಿತು. ಅಣ್ಣ ಚಿತ್ರದುರ್ಗದಲ್ಲಿ ರೇಡಿಯೋ ರಿಪೇರಿ ಕಲಿತು ಬಂದು, ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಒಂದೇ ಬಾಗಿಲಿನ ಅಂಗಡಿ ಹಾಕಿದ. ಕ್ಯಾಸೆಟ್ ಮಾರುವುದು, ಟೇಪ್ ರೆಕಾರ್ಡರ್ ರಿಪೇರಿ ಮಾಡುವುದು, ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಹಾಡು ತುಂಬುವುದು ಅವನ ಕೆಲಸ. ಒಂದು ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು, ಎದುರಿನ ಕಂಬಳಿ ಅಂಗಡಿಯಿಂದ ಉಣ್ಣೆಯ ದೂಳು ಬರುತ್ತಿತ್ತು. ದೂಳೆಂದರೆ ಅಣ್ಣನಿಗೆ ಆಗುತ್ತಿರಲಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹಾಡು ತುಂಬುವ ಡಬಲ್ ಡೆಕ್ಕಿನ ಹೆಡ್ಡನ್ನು ಗಂಟೆಗೊಂದು ಸಲ ಒರೆಸುತ್ತಿದ್ದ, ಮಗುವಿನ ಕಿವಿ ಒರೆಸುವಷ್ಟು ಮೆತ್ತಗೆ.

ಊರಿನ ಬೇರೆ ಅಂಗಡಿಗಳಲ್ಲಿ ಒಂದು ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ಕೊಟ್ಟರೆ ಸಾಕು, ಸಂಜೆಗೆ ತುಂಬಿಸಿ ಕೊಡುತ್ತಿದ್ದರು. ಅಣ್ಣ ಕೊಡುತ್ತಿರಲಿಲ್ಲ. ಅವನದು ಒಂದು ಕಟ್ಟಳೆ. ಕಂಪನಿಯ ಕ್ಯಾಸೆಟ್ಟನ್ನು ನೀವು ಕೊಂಡಿರಬೇಕು, ಅದನ್ನು ಕೈಯಲ್ಲಿ ಹಿಡಿದು ತರಬೇಕು. ಅದಕ್ಕೆ ಅವನು ‘ತಾಯಿ’ ಎನ್ನುತ್ತಿದ್ದ. ಅದರಿಂದ ಖಾಲಿ ಕ್ಯಾಸೆಟ್ಟಿಗೆ ತುಂಬಿದ ನಕಲು ‘ಮರಿ’. ಕುರಿ ಸಾಕುವವರ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಅಂಗಡಿಯ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದ: ‘ಒಂದು ತಾಯಿಗೆ ಒಂದೇ ಮರಿ. ಮರಿಗೆ ಮರಿ ಹಾಕಿಸುವುದಿಲ್ಲ.’ ಮರಿ ಮಾಡಿದ ಮೇಲೆ ಕಾದ ಸೂಜಿಯಿಂದ ತಾಯಿಯ ಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತಿದ್ದ. ಅದೇ ಕ್ಯಾಸೆಟ್ಟು ಇನ್ನೊಂದು ಸಲ ಬಂದರೆ ಗೊತ್ತಾಗಲಿ ಎಂದು.

“ಏನಲೇ ಇದು, ದನಕ್ಕೆ ಮುದ್ರೆ ಹಾಕ್ದಂಗೆ ಹಾಕ್ತೀಯ,” ಎಂದು ಕಂಬಳಿ ಅಂಗಡಿಯವರು ರೇಗಿಸುತ್ತಿದ್ದರು.

“ದನ ಆದ್ರೆ ತಾನೇ ಮನೆಗೆ ಬರ್ತೈತೆ. ಇದು ಬರಲ್ಲ ನೋಡ್ರಿ,” ಎನ್ನುತ್ತಿದ್ದ ಅಣ್ಣ.

ಒಂದು ಮರಿಯಾದರೂ ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. ನಮ್ಮ ಕಡೆಯ ಬಿಸಿಲಿಗೆ ಟೇಪು ಎಳೆಯುತ್ತದೆ, ದೂಳಿಗೆ ಸುಕ್ಕುಗಟ್ಟುತ್ತದೆ. ದಿನವಿಡೀ ಹಾಕಿದರೆ ಆರು ತಿಂಗಳು ಬಾಳುವುದಿಲ್ಲ. ಅಣ್ಣ ಹೇಳಿದ: “ಅವ್ರು ಕೊಂಡಿದ್ದು ಹಾಡು ಕಣೇ, ಪ್ಲಾಸ್ಟಿಕ್ ಅಲ್ಲ. ಪ್ಲಾಸ್ಟಿಕ್ ಹಾಳಾತು ಅಂತ ಹಾಡೂ ಹೋಗ್ಬೇಕಾ? ತಾಯಿ ಪೆಟ್ಟಿಗೇಲಿ ಇರ್ಲಿ, ಮರಿ ಹಾಡ್ಕೊಂಡಿರ್ಲಿ. ಅದು ಅವ್ರ ಹಕ್ಕು. ಎರಡ್ನೇದು ಮಾಡಿಸ್ಕೊಂಡ್ರೆ ಅದು ಬ್ಯಾರೆಯೋರ ಮನೆಗೆ ಹೋಗಾಕೇ ಅಲ್ವಾ?”

ಇದು ಕಾನೂನಿನಲ್ಲಿ ಇದೆಯೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ತಾನೇ ಯೋಚಿಸಿ ಕಟ್ಟಿಕೊಂಡದ್ದು. ಆದರೆ ಅದನ್ನು ಯಾರಿಗೂ ಸಡಿಲ ಮಾಡುತ್ತಿರಲಿಲ್ಲ. ಒಮ್ಮೆ ಒಬ್ಬ ಮಿಲ್ ಮಾಲೀಕರು ಜೀಪಿನಲ್ಲಿ ಬಂದಿಳಿದು ಒಂದು ಭಕ್ತಿಗೀತೆಯ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟರು.

“ಇದ್ರದ್ದು ಐವತ್ತು ಮಾಡ್ಕೊಡು. ಮಗಳ ಮದ್ವೆಗೆ ಬಂದೋರಿಗೆ ತಾಂಬೂಲದ ಜೊತೆ ಕೊಡ್ಬೇಕು.”

“ಒಂದು ಮಾಡ್ತೀನ್ರಿ. ಉಳಿದಿದ್ದು ಬೇಕಾದ್ರೆ ದಾವಣಗೆರೆಯಿಂದ ಅಸಲೇ ತರಿಸಿ ಕೊಡ್ತೀನಿ.”

“ಲೇ, ಕ್ಯಾಸೆಟ್ಟು ನಂದು, ಮದ್ವೆ ನನ್ ಮಗಳದು. ನಿಂದೇನೋ ಮಧ್ಯದಾಗೆ?”

“ಕ್ಯಾಸೆಟ್ಟು ನಿಮ್ದೇ ರೀ. ಹಾಡಿದೋರ ಗಂಟಲು ನಿಮ್ದಲ್ಲ.”

ಅವರು ಕ್ಯಾಸೆಟ್ ಎತ್ತಿಕೊಂಡು ಹೋಗಿ ಪಕ್ಕದ ಬೀದಿಯಲ್ಲಿ ಐವತ್ತೂ ಮಾಡಿಸಿಕೊಂಡರು. ಮದುವೆ ಊಟಕ್ಕೆ ಹೋಗಿದ್ದ ಅಣ್ಣನಿಗೂ ತಾಂಬೂಲದಲ್ಲಿ ಒಂದು ಬಂತು. ಮನೆಗೆ ತಂದು ಅವ್ವನ ಮುಂದಿಟ್ಟು, “ನೋಡವ್ವ, ಅನಾಥ ಮರಿ,” ಎಂದು ನಕ್ಕ. ಹಾಕಿ ಕೇಳಲಿಲ್ಲ, ಎಸೆಯಲೂ ಇಲ್ಲ.

ನನ್ನ ಮಾವ, ಎಂದರೆ ನನ್ನ ಗಂಡನ ತಂದೆ, ನಮಗೆ ಗೊತ್ತಾದದ್ದು ಈ ಕಟ್ಟಳೆಯಿಂದಲೇ. ಅವರು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಒಂದು ದಿನ ಟವೆಲಿನಲ್ಲಿ ಸುತ್ತಿದ ಕ್ಯಾಸೆಟ್ಟು ತಂದು ಎರಡು ಮರಿ ಬೇಕು ಎಂದರು, ಒಂದು ತಮ್ಮ ಮಗ್ಗಕ್ಕೆ, ಒಂದು ಮಗನ ಮಗ್ಗಕ್ಕೆ.

“ಮಗ ಬ್ಯಾರೆ ಮನೇಲಿ ಇದಾರೇನ್ರಿ?” ಎಂದು ಅಣ್ಣ ಕೇಳಿದ.

“ಒಂದೇ ಮನೆ ಅಬ್ಬಾಯಿ. ನಾನು ಪಡಸಾಲೇಲಿ, ಅವನು ಒಳಗಿನ ಕೋಣೇಲಿ.”

“ಒಂದೇ ಮನೆ ಅಂದ್ಮೇಲೆ ಒಂದೇ ಮರಿ.”

“ಅವನಿಗೆ ಕೇಳ್ಸಲ್ಲಪ್ಪಾ! ನನ್ ಮಗ್ಗದ ಸದ್ದು, ಅವನ ಮಗ್ಗದ ಸದ್ದು, ಮಧ್ಯ ಗೋಡೆ ಬ್ಯಾರೆ.”

ಅಣ್ಣ ಬಹಳ ಹೊತ್ತು ಬೆರಳಲ್ಲಿ ಟೇಪು ಸುತ್ತುತ್ತಾ ಯೋಚಿಸಿದ. ಮುಂದಿನ ಭಾನುವಾರ ಒಂದು ಹಳೇ ಸ್ಪೀಕರ್, ಒಂದು ಸುರುಳಿ ವೈರು ತೆಗೆದುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದ. ಪಡಸಾಲೆಯ ಟೇಪಿಂದ ಗೋಡೆಯ ಮೇಲೆ ವೈರು ಎಳೆದು, ಒಳಗಿನ ಮಗ್ಗದ ತಲೆಯ ಮೇಲೆ ಸ್ಪೀಕರ್ ತೂಗು ಹಾಕಿ ಬಂದ. ಮರಿ ಒಂದೇ, ಮಗ್ಗ ಎರಡು. ಇಂಥ ಮನುಷ್ಯನನ್ನು ಮಾವ ಅಲ್ಲಿಯವರೆಗೆ ನೋಡಿರಲಿಲ್ಲವಂತೆ. ಎರಡು ತಿಂಗಳ ಮೇಲೆ ಅದೇ ಒಳಕೋಣೆಯ ಮಗನಿಗೆ ಹೆಣ್ಣು ಕೇಳಲು ನಮ್ಮ ಮನೆಗೆ ಬಂದರು. ನಾನು ಕಾಫಿ ಕೊಡುವಾಗ ಅವರು ಅವ್ವನಿಗೆ ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ: “ಒಂದು ಕ್ಯಾಸೆಟ್ಟಿಗೇ ಇಷ್ಟು ನ್ಯಾಯ ನೋಡೋನ ಮನೆ ಹುಡುಗಿ ಸುಳ್ಳಾಡೋದಿಲ್ಲಮ್ಮಾ. ನಂಗೆ ಬ್ಯಾರೆ ವಿಚಾರಣೆ ಬ್ಯಾಡ.”

ಮದುವೆ ಗೊತ್ತಾಯಿತು. ಆಗಲೇ ನಾನು ಆ ಕೆಲಸ ಮಾಡಿದೆ.

ಬೆಳಗಿನ ಹೊತ್ತು ನಾನು ಶೇಂಗಾ ಬೀಜ ಆರಿಸುವ ಶೆಡ್ಡಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಅಣ್ಣ ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆದು ಬರುವವರೆಗೆ ಅಂಗಡಿ ನೋಡಿಕೊಳ್ಳುತ್ತಿದ್ದೆ. ಶೆಡ್ಡಿನಲ್ಲಿ ನನ್ನ ಸಾಲಿನಲ್ಲಿ ಕೂರುತ್ತಿದ್ದವರು ನನ್ನನ್ನೂ ಸೇರಿಸಿ ಹನ್ನೊಂದು ಜನ ಹೆಂಗಸರು. ನನ್ನ ಮದುವೆಯಲ್ಲಿ ಹಾಡಬೇಕೆಂದು ಎಲ್ಲರೂ ಕೂಡಿ ಸೋಬಾನೆ ಪದಗಳ ಒಂದು ಕ್ಯಾಸೆಟ್ಟು ಕೊಂಡರು, ನಮ್ಮ ಅಂಗಡಿಯಲ್ಲೇ. ದಿನಕ್ಕೊಬ್ಬರ ಮನೆಗೆ ಹೋಗುತ್ತಿತ್ತು ಅದು. ನಾಲ್ಕು ದಿನ ಆಗುವಷ್ಟರಲ್ಲಿ ಜಗಳ ಶುರುವಾಯಿತು. ಒಬ್ಬಳು ಕೊಡಲಿಲ್ಲ ಎಂದು ಇನ್ನೊಬ್ಬಳು, ಮಗು ಟೇಪು ಹೊರಗೆಳೆದು ಸುಕ್ಕು ಮಾಡಿತು ಎಂದು ಮತ್ತೊಬ್ಬಳು. ನಮ್ಮ ಸಾಲಿನ ಹಿರಿಯ ಹೆಂಗಸೇ ತೀರ್ಮಾನ ಹೇಳಿದಳು.

“ನಿಮ್ಮಣ್ಣ ಕೊಂಡೋರಿಗೆ ಒಂದೊಂದು ಮರಿ ಕೊಡ್ತಾನೋ ಇಲ್ವೋ?”

“ಕೊಡ್ತಾನೆ.”

“ಇದನ್ನ ಕೊಂಡೋರು ಯಾರು? ನಾವು ಹನ್ನೊಂದು ಜನಾನೂ ಕೊಂಡೀವಿ. ಅಂದ್ಮೇಲೆ ಹನ್ನೊಂದು ಮರಿ ಆಗ್ಬೇಕು. ಇದ್ರಾಗೆ ಮೋಸ ಏನೈತೆ?”

ಎಲ್ಲರಿಗೂ ಸರಿ ಕಂಡಿತು. ನನಗೂ ಸರಿ ಕಂಡಿತು ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ನಿಜವಾಗಿ ಸರಿ ಕಂಡಿದ್ದರೆ ಅಣ್ಣನನ್ನೇ ಕೇಳುತ್ತಿದ್ದೆ. ಅವನು ಏನು ಹೇಳುತ್ತಾನೆಂದು ಗೊತ್ತಿದ್ದುದರಿಂದಲೇ ಕೇಳಲಿಲ್ಲ. ಒಂದು ವಾರ ಅವನು ಊಟಕ್ಕೆ ಹೋದಾಗಲೆಲ್ಲ ಕೂತು ಹನ್ನೊಂದು ಮರಿ ಮಾಡಿದೆ. ಹೊದಿಕೆಯ ಕಾಗದದ ಮೇಲೆ ಕ್ಯಾಸೆಟ್ಟಿನ ಹೆಸರು ಬರೆದು ಪಕ್ಕದಲ್ಲಿ ಒಂದು ಹೂವು ಬಿಡಿಸಿದೆ. ಏನು ಬರೆದರೂ ಪಕ್ಕದಲ್ಲಿ ಹೂವು ಬಿಡಿಸುವುದು ಶಾಲೆಯ ಕಾಲದಿಂದ ನನ್ನ ಅಭ್ಯಾಸ. ತಾಯಿಗೆ ಸೂಜಿಯ ಚುಕ್ಕೆ ಇಡಲಿಲ್ಲ. ಹನ್ನೊಂದು ಮರಿಯನ್ನೂ ಕೆಳಗಿನ ಡ್ರಾದಲ್ಲಿ ಹಳೇ ವೈರುಗಳ ಕೆಳಗೆ ಮುಚ್ಚಿಟ್ಟೆ. ಸೋಮವಾರ ಶೆಡ್ಡಿಗೆ ಒಟ್ಟಿಗೆ ಒಯ್ಯುವುದೆಂದು.

ಶನಿವಾರ ಮಧ್ಯಾಹ್ನ ಅಣ್ಣ ಊಟದಿಂದ ಬಂದಿದ್ದ. ನಾನು ಮನೆಗೆ ಹೊರಟಿದ್ದೆ. ಪ್ಯಾಂಟು ಶರಟಿನ ಇಬ್ಬರು, ಹಿಂದೆ ಇಬ್ಬರು ಪೊಲೀಸರು ಬಂದರು. ಪ್ಯಾಂಟಿನವರು ಕ್ಯಾಸೆಟ್ ಕಂಪನಿಯ ಕಡೆಯವರು. ಪಕ್ಕದ ಬೀದಿಯ ಎರಡು ಅಂಗಡಿಗಳನ್ನು ಮುಗಿಸಿಕೊಂಡು ಬಂದಿದ್ದರು. ಅಣ್ಣನಿಗೆ ಹೆದರಿಕೆಯೇ ಆಗಲಿಲ್ಲ. ಇಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೊನೆಗೂ ಕೇಳಲು ಬಂದರು ಎನ್ನುವ ಹಾಗೆ ಎದ್ದು ನಿಂತ.

“ನೋಡ್ರಿ ಸಾರ್, ಆ ಹಲಗೆ ಓದ್ರಿ. ನಾನು ಕೊಂಡು ತಂದೋರಿಗೆ ಮಾತ್ರ, ಒಂದಕ್ಕೆ ಒಂದೇ ಮಾಡೋದು. ಮಾರಾಕೆ ಅಂತ ಒಂದು ಮರಿ ನನ್ ಅಂಗಡೀಲಿ ಸಿಕ್ಕಿದ್ರೆ ಕೇಳ್ರಿ.”

ಅಷ್ಟು ಹೇಳಿ ತಾನೇ ಒಂದೊಂದು ಡ್ರಾ ಎಳೆದು ತೋರಿಸತೊಡಗಿದ. ಅವರು ಕೇಳಿರಲಿಲ್ಲ. ಮೇಲಿನದು, ನಡುವಿನದು, ಕೊನೆಗೆ ಕೆಳಗಿನದು. ವೈರುಗಳನ್ನೂ ಅವನೇ ಎತ್ತಿದ.

ಹನ್ನೊಂದು ಕ್ಯಾಸೆಟ್ಟು, ಹನ್ನೊಂದು ಹೂವು.

ಅಣ್ಣ ಹೂವುಗಳನ್ನು ನೋಡಿದ. ನನ್ನ ಕಡೆ ಒಂದು ಸಲ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಬಿಡಿಸಲು ಆಗದ ಹುಡುಗನ ನೋಟದ ಹಾಗಿತ್ತು.

“ಇವನ್ನ ಮಾಡ್ದೋರು ಯಾರಯ್ಯಾ?” ಎಂದರು ಪೊಲೀಸರು.

“ನಾನೇ ಸಾರ್.”

ಡೆಕ್ಕನ್ನೂ ಆ ಹನ್ನೊಂದನ್ನೂ ಕಟ್ಟಿಕೊಂಡರು. ಹೊರಡುವಾಗ ಅಣ್ಣ ನನ್ನ ಕಡೆ ತಿರುಗಿ, “ಅವ್ವಂಗೆ ನಾನು ಬರೋದು ತಡ ಆಗ್ತೈತೆ ಅನ್ನು,” ಎಂದ. ನಾನು ಮನೆಗೆ ಹೋಗಿ ಅವ್ವನಿಗೆ ಅಷ್ಟನ್ನೇ ಹೇಳಿದೆ. ಬಸ್ ಸ್ಟ್ಯಾಂಡಿಂದ ಮನೆಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ಅಣ್ಣನಲ್ಲ. ಹುಡುಗಿಯ ಹೆಸರು ಪೊಲೀಸರ ಪುಸ್ತಕಕ್ಕೆ ಹೋಯಿತೆಂದರೆ ಮೊಳಕಾಲ್ಮೂರಿನವರು ಏನೆನ್ನುತ್ತಾರೆ ಎಂಬುದೇ ಇತ್ತು.

ಅವತ್ತು ಸಂಜೆ ಕಂಬಳಿ ಅಂಗಡಿಯವರು ಜಾಮೀನು ಕೊಟ್ಟು ಅವನನ್ನು ಕರೆತಂದರು. ಕೈಕಾಲು ತೊಳೆದು ಬಂದು ನನ್ನ ಎದುರು ಕೂತ. ಕೇಳಿದ್ದು ಒಂದೇ.

“ಹನ್ನೊಂದು ಯಾಕೆ?”

ಶೆಡ್ಡಿನ ಹೆಂಗಸರು ಕೂಡಿ ಕೊಂಡದ್ದನ್ನು, ಹಿರಿಯ ಹೆಂಗಸಿನ ತೀರ್ಪನ್ನು ಹೇಳಿದೆ. ಅಣ್ಣ ನಗಲು ಶುರು ಮಾಡಿದ. ಗೋಡೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಹನ್ನೊಂದು ಜನ ಕೊಂಡ್ರೆ ಹನ್ನೊಂದು ಮರಿ! ಇದು ನಂಗೆ ಹೊಳೀಲೇ ಇಲ್ವಲ್ಲೇ! ನೀನು ಲಾಯರ್ ಆಗ್ಬೇಕಿತ್ತು ಕಣೇ!”

“ನಗ್ತೀಯಲ್ಲೋ ಹುಚ್ಚಪ್ಪಾ!” ಎಂದು ಅವ್ವ ಬೈದಳು. ಹಾಗೇ ದನಿ ತಗ್ಗಿಸಿ, “ಇದು ಈ ಮನೆ ಬಿಟ್ಟು ಹೊರಗೆ ಹೋಗ್ಬಾರ್ದು,” ಎಂದಳು.

ಅವನು ನಕ್ಕದ್ದೇ ನನಗೆ ಆಸರೆಯಾಯಿತು. ನಕ್ಕನಲ್ಲ, ಅಂದರೆ ಮನ್ನಿಸಿದ ಎಂದುಕೊಂಡೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಕೇಳದೆ ಸಿಕ್ಕಿದ್ದನ್ನು ಕೇಳುವುದು ಯಾಕೆ ಎನ್ನಿಸಿತು.

ಮುಂದಿನ ವಾರ ಮಾವ ಬಂದರು. ಸುದ್ದಿ ಮುಟ್ಟಿತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ.

“ನಿಜವಾ ಅಬ್ಬಾಯಿ?”

“ನಿಜ ರೀ. ಆಸೆ ಬಿತ್ತು, ಮಾಡ್ದೆ. ತಂಗಿಗೂ ಇದಕ್ಕೂ ಏನೂ ಇಲ್ಲ.”

ಮಾವ, “ಹುಡುಗಿ ಏನ್ ಮಾಡ್ತಾಳೆ ಪಾಪ,” ಎಂದು ಎದ್ದರು. ಮದುವೆ ನಿಲ್ಲಲಿಲ್ಲ. ಆದರೆ ಅವರು ಮೊದಲು ನಮ್ಮ ಮನೆಗೆ ಬಂದದ್ದು ಅಣ್ಣನನ್ನು ನಂಬಿ. ಅವತ್ತು ಹೋಗುವಾಗ ಅವನ ಮುಖ ನೋಡದೆ ಹೋದರು.

ಕೋರ್ಟಿನಲ್ಲಿ ಅಣ್ಣ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಆ ಓಡಾಟದಲ್ಲಿ ವಕೀಲರಿಗೆ ಅವನು ಕೇಳಿದಷ್ಟು ಪ್ರಶ್ನೆಯನ್ನು ಯಾವ ಕಕ್ಷಿದಾರನೂ ಕೇಳಿರಲಿಕ್ಕಿಲ್ಲ. ಹನ್ನೊಂದರ ಮಾತು ಬಿಡಿ, ಒಂದು ಮರಿಯಾದರೂ ಸರಿಯೇ ಎಂದು ಅವನಿಗೆ ತಿಳಿಯಬೇಕಿತ್ತು. ವಕೀಲರು ಹೇಳಿದ್ದನ್ನು ನಮಗೆ ಬಂದು ಹೇಳಿದ: “ಕೊಂಡೋನು ತನ್ನ ಸ್ವಂತಕ್ಕೆ ಅಂತ ತಾನೇ ಮಾಡ್ಕೊಂಡ್ರೆ ವಾದ ಮಾಡಾಕೆ ಜಾಗ ಐತಂತೆ. ಅಂಗಡಿ ಇಟ್ಕೊಂಡು ಇನ್ನೊಬ್ರಿಗೆ ಮಾಡ್ಕೊಟ್ರೆ ಅದು ವ್ಯಾಪಾರ ಆಗ್ತೈತಂತೆ. ಅಂದ್ರೆ ಇಷ್ಟು ವರ್ಷ ನಾನು ಮಾಡಿದ್ದೂ ಪೂರ್ತಿ ಸರಿ ಇಲ್ಲ ಅಂತಾತು.” ದಂಡ ಕಟ್ಟಿದಾಗ ಬಾಡದ ಮುಖ ಅವತ್ತು ಬಾಡಿತ್ತು. ಮಾರನೇ ದಿನ ಹಲಗೆಯ ಮೇಲಿನ ಕೆಂಪು ಅಕ್ಷರಗಳ ಮೇಲೆ ತಾನೇ ಸುಣ್ಣ ಬಳಿದ. ಆಮೇಲೆ ಅವನು ಮರಿ ಮಾಡಲಿಲ್ಲ. ಕ್ಯಾಸೆಟ್ ಮಾರಿದ, ರೇಡಿಯೋ ರಿಪೇರಿ ಮಾಡಿದ, ಬೇರೆಯವರು ಸುತ್ತಿ ಹಾಳು ಮಾಡಿದ ಟೇಪುಗಳನ್ನು ಕಿರುಬೆರಳಲ್ಲಿ ಬಿಡಿಸಿಕೊಟ್ಟ.

ನಾನು ಮೊಳಕಾಲ್ಮೂರಿಗೆ ಬಂದೆ. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂರುವುದನ್ನು ಕಲಿತೆ, ತೆಲುಗು ಕಲಿತೆ. ಒಳ್ಳೆಯ ಮನೆ. ನನ್ನ ಗಂಡ ಮಾತು ಕಡಿಮೆ, ಮನಸ್ಸು ದೊಡ್ಡದು. ಮಾವ ನನ್ನನ್ನು ಮಗಳಿಗಿಂತ ಹೆಚ್ಚು ನೋಡಿಕೊಂಡರು. ಅಣ್ಣ ಹಾಕಿದ ಸ್ಪೀಕರ್ ಹದಿನೈದು ದಿನಕ್ಕೊಮ್ಮೆ ಕೆಡುತ್ತಿತ್ತು, ಆ ನೆಪದಲ್ಲಿ ಅವನು ಬರುತ್ತಿದ್ದ. ಕೆಡದಿದ್ದರೆ ನನ್ನ ಗಂಡನೇ ವೈರು ಕಿತ್ತು ಕಾಗದ ಬರೆಯುತ್ತಿದ್ದ ಎಂದು ನನಗೆ ಆಮೇಲೆ ಗೊತ್ತಾಯಿತು.

ಅವನು ಬಂದಾಗಲೆಲ್ಲ ಮಾವ ತಮಾಷೆ ಮಾಡುತ್ತಿದ್ದರು. “ಬಂದ್ರಪ್ಪಾ ಹನ್ನೊಂದು ಮರಿಯೋರು!” ತಟ್ಟೆಗೆ ಹೋಳಿಗೆ ಹಾಕುವಾಗ, “ಒಂದೇ ಹಾಕ್ರಿ, ಆತ ಹನ್ನೊಂದು ಮಾಡ್ಕೊಂತಾನೆ!” ನೋಯಿಸಬೇಕೆಂದು ಹೇಳಿದ್ದಲ್ಲ. ಬೀಗರ ನಡುವೆ ಇಂಥ ತಮಾಷೆ ಇದ್ದದ್ದೇ. ಅಣ್ಣನೂ ನಗುತ್ತಿದ್ದ. “ಹನ್ನೊಂದಾ? ಈಗ ವಯಸ್ಸಾತು ಮಾವಾರೇ, ನಾಲ್ಕೈದು ಅಷ್ಟೇ,” ಎನ್ನುತ್ತಿದ್ದ. ಮನೆಯೆಲ್ಲ ನಗುತ್ತಿತ್ತು.

ನಾನೂ ನಗುತ್ತಿದ್ದೆ. ಇದನ್ನು ಬರೆಯಲು ಕೂತದ್ದೇ ಆ ಒಂದು ಸಾಲಿಗಾಗಿ. ಕೈಯಲ್ಲಿ ಹೋಳಿಗೆ ಪಾತ್ರೆ ಹಿಡಿದು, ಅವನ ತಟ್ಟೆಯ ಮುಂದೆ ಬಾಗಿ ನಿಂತು, ಅವರ ಜೊತೆ ನಾನೂ ನಗುತ್ತಿದ್ದೆ. ಅಣ್ಣ ಒಂದು ದಿನವೂ ನನ್ನ ಮುಖ ನೋಡಿ ನಗಲಿಲ್ಲ. ನೋಡಿದರೆ ನನಗೆ ಕಷ್ಟವಾಗುತ್ತದೆ ಎಂದು ತಟ್ಟೆಯನ್ನೇ ನೋಡುತ್ತಿದ್ದ.

ಈಗ ನಮ್ಮ ಬೀದಿಯವರು ಫೋನು ಕೆಟ್ಟರೂ ಟಿ.ವಿ. ಕೆಟ್ಟರೂ ಚಳ್ಳಕೆರೆಗೆ ಹೋಗಿ ಅವನನ್ನೇ ಹುಡುಕುತ್ತಾರೆ. ಮಾವ ತೀರಿಕೊಳ್ಳುವವರೆಗೂ ಪ್ರತಿ ಹಬ್ಬಕ್ಕೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಊಟ ಮಾಡಿದರು. ಅದು ಶುರುವಾದ ದಿನವನ್ನು ಹೇಳಿ ಮುಗಿಸುತ್ತೇನೆ.

ನನ್ನ ಮದುವೆಯಾಗಿ ಹತ್ತು ವರ್ಷವಾಗಿತ್ತು. ಕ್ಯಾಸೆಟ್ಟಿನ ಕಾಲ ಮುಗಿದಿತ್ತು. ಟೇಪ್ ರೆಕಾರ್ಡರಿನ ಭಾಗಗಳು ಸಿಗುತ್ತಿರಲಿಲ್ಲ. ನಮ್ಮ ಬೀದಿಯ ಮಗ್ಗದವರ ಪೆಟ್ಟಿಗೆಗಳಲ್ಲಿ ಕ್ಯಾಸೆಟ್ಟುಗಳು ಹಾಗೇ ಬಿದ್ದಿದ್ದವು. ಅಣ್ಣ ಒಂದು ಹಳೇ ಕಂಪ್ಯೂಟರ್ ಕೊಂಡು, ಕ್ಯಾಸೆಟ್ಟಿನ ಹಾಡನ್ನು ಸೀಡಿಗೆ ಇಳಿಸುವುದನ್ನು ಕಲಿತಿದ್ದ. ನಾನೇ ಬೀದಿಯವರಿಗೆಲ್ಲ ಹೇಳಿ ಒಂದು ಭಾನುವಾರ ಅವನನ್ನು ಕರೆಸಿದೆ. ಅಂಗಡಿ ಸರಿಯಾಗಿ ನಡೆಯುತ್ತಿರಲಿಲ್ಲ, ಈ ಕೆಲಸ ಹತ್ತಿದರೆ ಸುತ್ತಲ ಊರುಗಳಿಗೂ ಹೋಗಬಹುದು ಎಂದು ಆಸೆಯಿಟ್ಟುಕೊಂಡಿದ್ದ.

ಕಂಪ್ಯೂಟರನ್ನು ಕರೀ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದ. ಕಂಡಕ್ಟರ್ ಕುರಿಮರಿ ಎಂದುಕೊಂಡು ಟಿಕೆಟ್ ಕೇಳಿದನಂತೆ. ಅದನ್ನು ಹೇಳಿಕೊಂಡು ನಗುತ್ತಾ ಪಡಸಾಲೆಯಲ್ಲಿ ವೈರುಗಳನ್ನು ಜೋಡಿಸಿದ. ಏಳೆಂಟು ಮನೆಯವರು ಪೆಟ್ಟಿಗೆ ಹಿಡಿದು ಸುತ್ತ ಕೂತರು. ಅಣ್ಣ ಅವರಿಗೆ ಹೇಳಿದ:

“ನೋಡ್ರಪ್ಪಾ, ಇವು ನೀವು ಕೊಂಡಿದ್ದು. ನಿಮ್ ಹಾಡು ನಿಮ್ಗೆ ಉಳಿಬೇಕು. ಆದ್ರೆ ನಾನು ಮಾಡ್ಕೊಡಲ್ಲ. ಮಿಷಿನ್ನು ನಾನು ಇಡ್ತೀನಿ, ಒತ್ತೋದು ನೀವೇ. ನಿಮ್ ಕ್ಯಾಸೆಟ್ಟು ನಿಮ್ ಕೈಲಿ, ನಿಮ್ ಮನೆಗೆ ಒಂದು. ಹಂಗಾದ್ರೆ ನಿಮ್ಗೂ ಭಯ ಇಲ್ಲ, ನಂಗೂ ಭಯ ಇಲ್ಲ.”

ಪಕ್ಕದ ಮನೆಯ ಅಜ್ಜಿ ಮೊದಲು ಬಂದಳು. ಅಣ್ಣ ಅವಳ ಬೆರಳನ್ನು ಕಂಪ್ಯೂಟರಿನ ಇಲಿಯಂಥ ಮೌಸಿನ ಗುಂಡಿಯ ಮೇಲಿಟ್ಟ. “ಒತ್ತವ್ವಾ.” ಅಜ್ಜಿ ಒತ್ತಿ, ಬೆರಳನ್ನು ಬಿಸಿ ತಾಗಿದ ಹಾಗೆ ಹಿಂದಕ್ಕೆಳೆದುಕೊಂಡಳು. ಎಲ್ಲರೂ ನಕ್ಕರು. ಆಮೇಲೆ ಸರದಿ ಮಾವನದು. ಅವರು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದರು.

“ನಂದು ಬ್ಯಾಡ ಬಿಡು ಅಬ್ಬಾಯಿ. ನಿನ್ ಕೈಗೆ ಕೊಟ್ರೆ ಒಂದು ಹೋಗಿ ಹನ್ನೊಂದಾಗ್ತೈತೆ. ಈ ವಯಸ್ಸಿಗೆ ನಾನು ಸ್ಟೇಷನ್ ಮೆಟ್ಲು ಹತ್ತಲಾ?”

ನಕ್ಕರು. ಆದರೆ ಆ ನಗು ಬೇಗ ನಿಂತಿತು. ಬೀದಿಯವರಿಗೆ ಹಳೆಯ ಕೇಸಿನ ಸಂಗತಿ ಗೊತ್ತಿರಲಿಲ್ಲ. ಒಬ್ಬರು ಏನದು ಎಂದು ಕೇಳಿದರು, ಮಾವ ನಗುತ್ತಲೇ ಹೇಳಿದರು. ಹಿಂದೆ ಕೂತಿದ್ದವನೊಬ್ಬ ತನ್ನ ಪೆಟ್ಟಿಗೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಇನ್ನೊಬ್ಬ ಮನೇಲಿ ಕೆಲಸ ಐತೆ ಎಂದು ಎದ್ದ. ಎಷ್ಟು ದೂರ ಹೋಯಿತೆಂದು ಮಾವನಿಗೂ ಆಗ ತಿಳಿಯಿತು. ಆದರೆ ಮಾತು ಬಾಯಿ ದಾಟಿ ಆಗಿತ್ತು.

ಅಣ್ಣನ ಮುಖದಲ್ಲಿ ನಗು ಹಾಗೇ ಇತ್ತು. “ಅವ್ರು ಹೇಳೋದ್ರಾಗೆ ತಪ್ಪೇನೈತೆ,” ಎಂದು ಬಗ್ಗಿ ಒಂದೊಂದಾಗಿ ವೈರು ಬಿಚ್ಚತೊಡಗಿದ. ಕಂಬಳಿಯನ್ನು ಕೊಡವಿ ಹಾಸಿದ.

ನಾನು ಮಗ್ಗದ ಗುಂಡಿಯಲ್ಲಿ ಕೂತಿದ್ದೆ. ಹೇಗೆ ಎದ್ದು ಬಂದೆನೋ ಗೊತ್ತಿಲ್ಲ.

“ಮಾವಾ, ಆ ಹನ್ನೊಂದು ಅಣ್ಣ ಮಾಡಿದ್ದಲ್ಲ.”

“ಸುಮ್ನೆ ಕೂತ್ಕಳೇ,” ಎಂದ ಅಣ್ಣ, ತಲೆಯೆತ್ತದೆ.

“ನಾನು ಮಾಡಿದ್ದು. ಅವನು ಊಟಕ್ಕೆ ಹೋದಾಗ ಕದ್ದು ಮಾಡ್ದೆ. ಅವನಿಗೆ ಗೊತ್ತೇ ಇರ್ಲಿಲ್ಲ, ತಾನೇ ಡ್ರಾ ತೆಗೆದು ತೋರ್ಸಿದ. ನನ್ ಹೆಸರು ಬರಬಾರ್ದು ಅಂತ ತನ್ ಮೇಲೆ ಹಾಕ್ಕೊಂಡ. ನೀವು ಕೇಳೋಕೆ ಬಂದಾಗ ನಾನು ಬಾಗಿಲ ಹಿಂದೇನೇ ಇದ್ದೆ ಮಾವಾ.”

ಎದ್ದು ಹೊರಟವನು ಹೊಸ್ತಿಲಲ್ಲಿ ನಿಂತ. ನನ್ನ ಗಂಡ ಒಳಗಿನ ಮಗ್ಗ ನಿಲ್ಲಿಸಿದ. ಮಾವ ನನ್ನನ್ನು ನೋಡಲಿಲ್ಲ, ಅಣ್ಣನನ್ನೇ ನೋಡಿದರು.

“ಹತ್ತು ವರ್ಷ ನನ್ ಕೈಲಿ ಅನ್ನಿಸ್ಕೊಂಡ್ಯಲ್ಲಾ ಅಬ್ಬಾಯಿ. ಯಾಕೆ ಹೇಳ್ಲಿಲ್ಲ?”

“ತಂಗಿ ರೀ,” ಎಂದ ಅಣ್ಣ. ಅಷ್ಟೇ.

ಮಾವ ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಿ, ಮುಚ್ಚಳ ತೆಗೆದು, ಅಣ್ಣನ ಮುಂದಕ್ಕೆ ತಳ್ಳಿದರು. ಹೊಸ್ತಿಲಲ್ಲಿದ್ದವನು ಬಂದು ತನ್ನ ಜಾಗದಲ್ಲಿ ಕೂತ. ಅಣ್ಣ ಬಿಚ್ಚಿದ್ದ ವೈರುಗಳನ್ನು ಮತ್ತೆ ಸಿಕ್ಕಿಸತೊಡಗಿದ, ಏನೂ ಆಗಿಲ್ಲವೆಂಬಂತೆ, ನನಗೆ ಮಾತು ಅಲ್ಲಿಗೇ ಮುಗಿಸಲು ದಾರಿ ಮಾಡಿಕೊಡುವ ಹಾಗೆ. ಅವನ ಅಭ್ಯಾಸವೇ ಅದು. ನಾನು ನಿಂತಲ್ಲೇ ನಿಂತಿದ್ದೆ. ಹೇಳಿದ್ದೆಲ್ಲ ಮಾವನಿಗೆ, ಬೀದಿಯವರಿಗೆ. ಅವನಿಗೆ ಇನ್ನೂ ಏನೂ ಹೇಳಿರಲಿಲ್ಲ. ಹೋಗಿ ಅವನ ಎದುರು ನೆಲದ ಮೇಲೆ ಕೂತೆ. ಕೈಯಲ್ಲಿದ್ದ ವೈರು ತೆಗೆದು ಪಕ್ಕಕ್ಕಿಟ್ಟೆ, ಅವನು ನನ್ನ ಮುಖ ನೋಡಲಿ ಎಂದು. ನೋಡಿದ.

“ಅಣ್ಣಾ, ತಪ್ಪಾತು ಕಣಣ್ಣಾ. ಅವತ್ತು ಹೇಳ್ದೇ ಇದ್ದಿದ್ದು ಒಂದು ತಪ್ಪು. ಇವ್ರೆಲ್ಲ ನಿನ್ನ ನೋಡಿ ನಗುವಾಗ ನಾನೂ ನಕ್ಕೆನಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು. ಎರಡಕ್ಕೂ ತಪ್ಪಾತು.”